ಮಲಗುಂಡಿ ಶುಚಿಗೆ ಎಷ್ಟು ಕೊಡಬೇಕು? ದರದಲ್ಲಿ ಕಾಣದ ಬಾಬತ್ತು

ಮುಂಗಾರು ಬಲಗೊಂಡ ನಾಲ್ಕಾರು ದಿನಗಳಲ್ಲಿ ಒಳಚರಂಡಿ ತಲುಪದ ಬಡಾವಣೆಗಳಿಂದ ಒಂದೇ ಬಗೆಯ ಫೋನ್ ಕರೆಗಳು ಹೊರಡತೊಡಗುತ್ತವೆ. ಗುಂಡಿ ತುಂಬಿದೆ, ಬಚ್ಚಲಿನಲ್ಲಿ ನೀರು ಹಿಂದಕ್ಕೆ ಬರುತ್ತಿದೆ, ಲಾರಿ ಯಾವಾಗ ಕಳಿಸುತ್ತೀರಿ, ಎಷ್ಟು ತೆಗೆದುಕೊಳ್ಳುತ್ತೀರಿ? ವಿದ್ಯುತ್ ಕಂಬಕ್ಕೆ ಅಂಟಿಸಿದ, ಕಾಂಪೌಂಡ್ ಗೋಡೆಗೆ ಬಣ್ಣದಲ್ಲಿ ಬರೆದ 'ಪಿಟ್ ಕ್ಲೀನಿಂಗ್' ಮೊಬೈಲ್ ಸಂಖ್ಯೆಗಳೇ ಈ ವ್ಯವಹಾರದ ಕಚೇರಿ. ಮೂರು ಸಂಖ್ಯೆಗಳಿಗೆ ಕರೆ ಮಾಡಿದರೆ ಮೂರು ದರ ಸಿಗುತ್ತವೆ. ಮನೆಯ ಯಜಮಾನರು ಸಹಜವಾಗಿಯೇ ಕಡಿಮೆ ಹೇಳಿದವರನ್ನು ಕರೆಸುತ್ತಾರೆ.

ತರಕಾರಿ ಕೊಳ್ಳುವಾಗ ಈ ಲೆಕ್ಕಾಚಾರ ಸರಿಯೇ. ಮಲಗುಂಡಿಯ ವಿಷಯದಲ್ಲಿ ಮಾತ್ರ ಕಡಿಮೆ ದರಕ್ಕೆ ಸಾಮಾನ್ಯವಾಗಿ ಎರಡೇ ಕಾರಣಗಳಿರುತ್ತವೆ. ಒಂದೋ ಎತ್ತಿದ ಕೊಳಕು ಹತ್ತಿರದ ರಾಜಕಾಲುವೆಗೋ ಕೆರೆ ಅಂಗಳಕ್ಕೋ ಹೋಗುತ್ತದೆ, ಇಲ್ಲವೇ ಯಂತ್ರ ಮಾಡಬೇಕಾದ ಕೆಲಸವನ್ನು ಒಬ್ಬ ಮನುಷ್ಯ ಗುಂಡಿಗಿಳಿದು ಮಾಡುತ್ತಾನೆ. ಎರಡನೆಯದು ಅಪರಾಧ. ಆ ಅಪರಾಧದಲ್ಲಿ ಗುತ್ತಿಗೆದಾರನ ಜೊತೆಗೆ ಮನೆಯ ಮಾಲೀಕನೂ ಪಾಲುದಾರ ಎಂಬುದು ನಮ್ಮ ನಗರಗಳ ಬಹುತೇಕ ಮನೆಗಳಿಗೆ ಇನ್ನೂ ತಿಳಿದಂತಿಲ್ಲ.

ದರ ಹೇಗೆ ಕೂಡಿಬರುತ್ತದೆ

ಮೊದಲು ಹಣದ ಮಾತು. ಬೆಂಗಳೂರು ಮತ್ತು ಅದರ ಸುತ್ತಮುತ್ತ ಸಕ್ಕಿಂಗ್ ಲಾರಿಯವರು ಒಂದು ಲೋಡ್‌ಗೆ ಕೇಳುವ ದರ ಸ್ಥೂಲವಾಗಿ 1,500ರಿಂದ 3,500 ರೂಪಾಯಿಗಳ ನಡುವೆ ಇದೆ. ಲೋಡ್ ಎಂದರೆ ಸಾಮಾನ್ಯವಾಗಿ ಮೂರರಿಂದ ಐದು ಸಾವಿರ ಲೀಟರ್. ಇತರ ಊರುಗಳಲ್ಲಿ ನಗರಸಭೆ, ಪುರಸಭೆಗಳ ಸ್ವಂತ ವಾಹನವಿದ್ದರೆ ಸ್ಥಳೀಯ ಸಂಸ್ಥೆಯೇ ದರ ಗೊತ್ತುಮಾಡಿರುತ್ತದೆ. ಅದು ಖಾಸಗಿಯವರಿಗಿಂತ ಕಡಿಮೆ ಇರುವುದೇ ಹೆಚ್ಚು, ಆದರೆ ಸರದಿಗೆ ಕಾಯಬೇಕು. ಓಣಿ ಕಿರಿದಾಗಿ ಲಾರಿ ದೂರ ನಿಲ್ಲಬೇಕಾದರೆ, ನೂರಡಿಗಿಂತ ಉದ್ದದ ಪೈಪ್ ಎಳೆಯಬೇಕಾದರೆ, ಮುಚ್ಚಳದ ಮೇಲೆ ಟೈಲ್ಸ್ ಹಾಕಿಸಿ ಈಗ ಅದನ್ನು ಒಡೆಯಬೇಕಾಗಿ ಬಂದರೆ ದರ ಏರುತ್ತದೆ. ಮಳೆಗಾಲದಲ್ಲಂತೂ ಏರಿಯೇ ಏರುತ್ತದೆ.

ಈ ಮೊತ್ತದೊಳಗೆ ಏನೇನಿದೆ ಎಂದು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಸಂಸ್ಕರಣಾ ಘಟಕ 20 ಕಿಲೋಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ಹೋಗಿ ಬರಲು 40 ಕಿಲೋಮೀಟರ್. ತುಂಬಿದ ಲಾರಿ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಓಡಿದರೆ ಹತ್ತು ಲೀಟರ್ ಡೀಸೆಲ್, ಪಂಪ್ ಓಡಿಸಲು ಇನ್ನೊಂದೆರಡು ಲೀಟರ್. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿದಾಗ ಬೆಂಗಳೂರಿನಲ್ಲಿ ಲೀಟರ್ ಡೀಸೆಲ್ 91 ರೂಪಾಯಿ ಮುಟ್ಟಿತ್ತು. ಆ ಲೆಕ್ಕದಲ್ಲಿ ಇಂಧನಕ್ಕೇ ಸಾವಿರ ರೂಪಾಯಿ ಆಯಿತು. ಚಾಲಕ ಮತ್ತು ಇಬ್ಬರು ಸಹಾಯಕರಿಗೆ ತಲಾ 800 ರೂಪಾಯಿ ದಿನಗೂಲಿ ಎಂದು ಹಿಡಿದು, ದಿನಕ್ಕೆ ಮೂರು ಲೋಡ್ ಸಿಕ್ಕಿತು ಎಂದುಕೊಂಡರೆ ಒಂದು ಲೋಡ್‌ನ ಮೇಲೆ ಇನ್ನೂ 800 ರೂಪಾಯಿ ಬೀಳುತ್ತದೆ. ಲಾರಿಯ ಸಾಲದ ಕಂತು, ವಿಮೆ, ರಿಪೇರಿ, ಘಟಕದಲ್ಲಿ ತೆರಬೇಕಾದ ಶುಲ್ಕ, ಮಾಲೀಕನ ಲಾಭ ಇನ್ನೂ ಸೇರಿಲ್ಲ. ಹೀಗಿರುವಾಗ 1,200 ರೂಪಾಯಿಗೆ ಬರುತ್ತೇನೆ ಎನ್ನುವವನು ಧರ್ಮಾರ್ಥ ಸೇವೆಗೆ ಹೊರಟಿಲ್ಲ. ಆತ 20 ಕಿಲೋಮೀಟರ್ ಹೋಗುವವನಲ್ಲ ಎಂದಷ್ಟೇ ಅರ್ಥ.

ಎಲ್ಲ ಲಾರಿಗಳೂ ಕಾಲುವೆಗೆ ಸುರಿಯುತ್ತವೆ ಎಂದೇನಲ್ಲ. ಬೆಂಗಳೂರಿನ ಹೊರವಲಯದ ರೈತರು ಬಹಳ ವರ್ಷಗಳಿಂದ ಈ ಕೆಸರನ್ನು ಹೊಲ ತೋಟಗಳಿಗೆ ಹಾಕಿಸಿಕೊಳ್ಳುತ್ತಿದ್ದಾರೆ. ಗೊಬ್ಬರವಾಗಿ ಅದರ ಸತ್ವವನ್ನು ಅಲ್ಲಗಳೆಯುವಂತಿಲ್ಲ. ಆದರೆ ಸಂಸ್ಕರಿಸದ ಹಸಿ ಕೆಸರಿನಲ್ಲಿ ಜಂತುಹುಳುಗಳ ಮೊಟ್ಟೆಗಳೂ ರೋಗಾಣುಗಳೂ ಇರುತ್ತವೆ. ಅದಕ್ಕೆಂದೇ 2015ರಲ್ಲಿ ದೇವನಹಳ್ಳಿಯಲ್ಲಿ ಮಲಕೆಸರನ್ನು ಸಂಸ್ಕರಿಸುವ ಘಟಕ ಆರಂಭವಾಯಿತು. ದಿನಕ್ಕೆ ಆರು ಸಾವಿರ ಲೀಟರ್ ಸಾಮರ್ಥ್ಯದ, ಒಂದು ಪುಟ್ಟ ಪಟ್ಟಣಕ್ಕೆ ಸಾಕಾಗುವ ಈ ಘಟಕ ದೇಶದಲ್ಲೇ ಮೊದಲನೆಯದು ಎಂದು ಹೆಸರಾಯಿತು. 2017ರಲ್ಲಿ ಕೇಂದ್ರ ಸರ್ಕಾರ ಮಲಕೆಸರು ನಿರ್ವಹಣೆಗೆ ರಾಷ್ಟ್ರೀಯ ನೀತಿಯನ್ನೂ ತಂದಿತು. ನೀತಿ ಮತ್ತು ಘಟಕಗಳಿಗಿಂತ ಲಾರಿ ಚಾಲಕನ ಡೀಸೆಲ್ ಲೆಕ್ಕವೇ ಇಂದಿಗೂ ಬಲಶಾಲಿಯಾಗಿ ಉಳಿದಿದೆ.

'ಕೆಳಗಿನ ಗಟ್ಟಿಗೆ ಬೇರೆ ಚಾರ್ಜು'

ಎರಡನೆಯ ಬಾಬತ್ತು ಇದಕ್ಕಿಂತ ಗಂಭೀರ. ಹತ್ತು ಹನ್ನೆರಡು ವರ್ಷ ಮುಟ್ಟದೇ ಬಿಟ್ಟ ಗುಂಡಿಯಲ್ಲಿ ಮೇಲಿನ ತೆಳು ನೀರನ್ನು ಯಂತ್ರ ಹತ್ತು ನಿಮಿಷದಲ್ಲಿ ಹೀರುತ್ತದೆ. ತಳದಲ್ಲಿ ಜೇಡಿಯಂತೆ ಗಟ್ಟಿಯಾದ ಪದರ ಹಾಗೆಯೇ ಉಳಿಯುತ್ತದೆ. ಆಗ ಲಾರಿಯವನು ಹೇಳುವ ಮಾತು ಇದು: ಯಂತ್ರ ಎಳೆಯುವುದು ಇಷ್ಟೇ ಸಾರ್, ಕೆಳಗಿನ ಗಟ್ಟಿ ತೆಗೆಯಲು ಹುಡುಗರನ್ನು ಕರೆಸಬೇಕು, ಬೇರೆ ಚಾರ್ಜು ಆಗುತ್ತದೆ. ಮನೆಯವರು ಒಂದೆರಡು ಸಾವಿರಕ್ಕೆ ಚೌಕಾಸಿ ಮಾಡಿ ಒಪ್ಪುತ್ತಾರೆ. ಬಕೆಟ್, ಹಗ್ಗ, ಸನಿಕೆ ಬರುತ್ತವೆ. ಕೆಲಸಕ್ಕೆ ಮುನ್ನ ಗುಂಡಿಗಿಳಿಯುವವನಿಗೆ ಒಂದು ಕ್ವಾರ್ಟರ್ ಕೊಡಿಸುವುದೂ ಕೆಲವು ಕಡೆ ಈ ಚಾರ್ಜಿನಲ್ಲಿಯೇ ಸೇರಿದೆ.

ಗುಂಡಿಯೊಳಗೆ ಆತನನ್ನು ಕೊಲ್ಲುವುದು ಕೊಳಕಲ್ಲ, ಗಾಳಿ. ಮಲ ಕೊಳೆಯುವಾಗ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿಯೇ ನಿಲ್ಲುತ್ತದೆ. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯಂತೆ ನಾರುವ ಈ ಅನಿಲದ ಪ್ರಮಾಣ ಹತ್ತು ಲಕ್ಷಕ್ಕೆ ನೂರು ಭಾಗ ದಾಟಿತೆಂದರೆ ಮೂಗು ಆ ವಾಸನೆಯನ್ನೇ ಗ್ರಹಿಸದಂತಾಗುತ್ತದೆ. 'ವಾಸನೆ ಹೋಯಿತು, ಇನ್ನು ಇಳಿಯಬಹುದು' ಎಂದುಕೊಂಡ ಗಳಿಗೆಯೇ ಅತ್ಯಂತ ಅಪಾಯದ ಗಳಿಗೆ. ಪ್ರಮಾಣ ಇನ್ನೂ ಹೆಚ್ಚಿದರೆ ಕೆಲವೇ ಉಸಿರುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ತಳದ ಗಟ್ಟಿ ಪದರವನ್ನು ಸನಿಕೆಯಿಂದ ಕದಡಿದಾಗ ಅದರೊಳಗೆ ಸಿಕ್ಕಿಕೊಂಡಿದ್ದ ಅನಿಲ ಒಮ್ಮೆಗೇ ಹೊರಬರುತ್ತದೆ. ಬೆಂಕಿಕಡ್ಡಿ ಗೀರಿಯೋ ದೀಪ ಇಳಿಸಿಯೋ ನೋಡುವ ಹಳೆಯ ಪರೀಕ್ಷೆಯಂತೂ ಮೀಥೇನ್ ತುಂಬಿದ ಗುಂಡಿಯಲ್ಲಿ ಸ್ಫೋಟಕ್ಕೆ ಕೊಡುವ ಆಹ್ವಾನ. ಒಬ್ಬ ಕುಸಿದಾಗ ಎರಡನೆಯವನು ರಕ್ಷಣೆಗೆಂದು ಇಳಿಯುತ್ತಾನೆ, ಅವನ ಹಿಂದೆ ಮೂರನೆಯವನು. ಇಂತಹ ಸುದ್ದಿಗಳಲ್ಲಿ ಸತ್ತವರ ಸಂಖ್ಯೆ ಮತ್ತೆ ಮತ್ತೆ ಎರಡು, ಮೂರು ಎಂದಿರುವುದು ಅದಕ್ಕೇ.

2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಮ್ಯಾನ್‌ಹೋಲ್‌ನಲ್ಲಿ ಮೂವರು ಸತ್ತರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಬಡಾವಣೆ ಸಮೀಪದ ಸೋಮಸುಂದರಪಾಳ್ಯದಲ್ಲಿ ಮತ್ತೆ ಮೂವರು ಸತ್ತರು. ಎರಡನೆಯ ದುರಂತ ನಡೆದದ್ದು ಸರ್ಕಾರಿ ಚರಂಡಿಯಲ್ಲಲ್ಲ, ಖಾಸಗಿ ಅಪಾರ್ಟ್‌ಮೆಂಟ್‌ನ ಕೊಳಚೆ ನೀರು ಸಂಸ್ಕರಣಾ ಘಟಕದಲ್ಲಿ.

ಈ ವ್ಯತ್ಯಾಸಕ್ಕೆ ಮಹತ್ವವಿದೆ. ಮಲಗುಂಡಿ ಸಾವು ಎಂದೊಡನೆ ನಾವು ಜಲಮಂಡಳಿಯನ್ನೋ ಪಾಲಿಕೆಯನ್ನೋ ದೂರುತ್ತೇವೆ. ಅಂಕಿಅಂಶ ಬೇರೆಯದೇ ಕಥೆ ಹೇಳುತ್ತದೆ. 2019ರಿಂದ 2023ರವರೆಗಿನ ಐದು ವರ್ಷಗಳಲ್ಲಿ ದೇಶದಾದ್ಯಂತ ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳ ಅಪಾಯಕಾರಿ ಶುಚಿಯಲ್ಲಿ 377 ಮಂದಿ ಸತ್ತರೆಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿತ್ತು. 2022 ಮತ್ತು 2023ರ ಇಂತಹ ಸಾವುಗಳ ಪೈಕಿ 54 ಪ್ರಕರಣಗಳ ಸಾಮಾಜಿಕ ಪರಿಶೋಧನೆಯನ್ನು ಕೇಂದ್ರದ ಸಾಮಾಜಿಕ ನ್ಯಾಯ ಸಚಿವಾಲಯವೇ ಮಾಡಿಸಿತು. 2025ರ ಜುಲೈನಲ್ಲಿ ಅದರ ಫಲಿತಾಂಶ ಸಂಸತ್ತಿನ ಮುಂದೆ ಬಂತು. 54ರಲ್ಲಿ 49 ಮಂದಿಯ ಮೈಮೇಲೆ ಯಾವ ಸುರಕ್ಷಾ ಸಾಧನವೂ ಇರಲಿಲ್ಲ. ಸರ್ಕಾರಿ ವೇತನಪಟ್ಟಿಯಲ್ಲಿದ್ದವರು ಐವರು ಮಾತ್ರ. 38 ಮಂದಿ ವೈಯಕ್ತಿಕವಾಗಿ ಕೆಲಸಕ್ಕೆ ಕರೆಸಿಕೊಂಡವರು.

ಕರೆಸಿಕೊಂಡವರು ಯಾರು? ಮನೆಯವರು, ಅಂಗಡಿಯವರು, ಹೋಟೆಲ್‌ನವರು, ಅಪಾರ್ಟ್‌ಮೆಂಟ್ ಸಂಘದವರು, ಅವರ ಪರವಾಗಿ ಒಬ್ಬ ಮೇಸ್ತ್ರಿ. ಅಂದರೆ ಈ ಲೇಖನವನ್ನು ಓದುವಂಥವರೇ, ಬರೆಯುವಂಥವರೇ.

ಕಾನೂನು ಮನೆ ಬಾಗಿಲಿಗೆ

ಮಲ ಹೊರುವ ಪದ್ಧತಿಯ ವಿರುದ್ಧ ಕರ್ನಾಟಕ ಉಳಿದ ರಾಜ್ಯಗಳಿಗಿಂತ ಮೊದಲೇ ದನಿ ಎತ್ತಿತ್ತು. ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಮುಂದಾದರು. ಪೌರಕಾರ್ಮಿಕರ ಬದುಕಿನ ಸ್ಥಿತಿ ಕುರಿತ ಐ.ಪಿ.ಡಿ. ಸಾಲಪ್ಪ ಸಮಿತಿಯ ವರದಿ 1976ರಲ್ಲೇ ಬಂತು. ಆದರೂ ಕೆಜಿಎಫ್‌ನ ಗಣಿ ಕಾಲೊನಿಯಲ್ಲಿ ಆ ಪದ್ಧತಿ ಉಳಿದೇ ಇತ್ತು. ಅಲ್ಲೇ ಹುಟ್ಟಿ ಬೆಳೆದ ಬೆಜವಾಡ ವಿಲ್ಸನ್ ಅದರ ವಿರುದ್ಧ ಕಟ್ಟಿದ ಹೋರಾಟಕ್ಕೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಸಂದಿತು. 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದನ್ನು ರಾಜ್ಯ ಅಷ್ಟು ಬೇಗ ಮರೆಯುವಂತಿಲ್ಲ.

1993ರ ಕಾಯ್ದೆಯ ಕಣ್ಣು ಮುಖ್ಯವಾಗಿ ಒಣ ಶೌಚಾಲಯಗಳ ಮೇಲಿತ್ತು. 2013ರ ಕಾಯ್ದೆ ಅದನ್ನು ಚರಂಡಿ ಮತ್ತು ಸೆಪ್ಟಿಕ್ ಟ್ಯಾಂಕ್‌ಗಳಿಗೆ ವಿಸ್ತರಿಸಿತು. ಯಾವುದೇ ವ್ಯಕ್ತಿ, ಸ್ಥಳೀಯ ಸಂಸ್ಥೆ ಅಥವಾ ಏಜೆನ್ಸಿಯು ನೇರವಾಗಿ ಆಗಲಿ ಪರೋಕ್ಷವಾಗಿ ಆಗಲಿ ಯಾರನ್ನೂ ಇವುಗಳ ಅಪಾಯಕಾರಿ ಶುಚಿಗೆ ನಿಯೋಜಿಸಕೂಡದು ಎನ್ನುತ್ತದೆ ಅದರ 7ನೇ ಕಲಂ. 'ಯಾವುದೇ ವ್ಯಕ್ತಿ' ಎಂಬ ಮಾತಿನೊಳಗೆ ಮನೆಯ ಯಜಮಾನ ಸೇರುತ್ತಾನೆ. 'ಪರೋಕ್ಷವಾಗಿ' ಎಂಬ ಮಾತು 'ನಾನು ಲಾರಿಯವನಿಗೆ ಹೇಳಿದ್ದು, ಅವನು ಯಾರನ್ನು ಇಳಿಸಿದನೋ ನನಗೆ ಗೊತ್ತಿಲ್ಲ' ಎಂಬ ಸಮಜಾಯಿಷಿಯ ದಾರಿಯನ್ನು ಮುಚ್ಚುತ್ತದೆ. ಮೊದಲ ಅಪರಾಧಕ್ಕೆ ಎರಡು ವರ್ಷದವರೆಗೆ ಸೆರೆ, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮರುಕಳಿಸಿದರೆ ಐದು ವರ್ಷ, ಐದು ಲಕ್ಷ. ಪ್ರಕರಣ ಜಾಮೀನುರಹಿತ. ಇಳಿದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ದೌರ್ಜನ್ಯ ತಡೆ ಕಾಯ್ದೆಯೂ ಮೇಲೇರಬಹುದು. ಈ ಕೆಲಸ ಯಾರ ಪಾಲಿಗೆ ಬಿದ್ದಿದೆ ಎಂಬುದನ್ನು ಬಲ್ಲವರಿಗೆ ಆ ಕಾಯ್ದೆ ಇಲ್ಲಿಗೇಕೆ ಬಂತು ಎಂದು ವಿವರಿಸಬೇಕಾಗಿಲ್ಲ.

ಕೈಗವಸು, ಬೂಟು ಕೊಟ್ಟರೆ ಇಳಿಸಬಹುದಲ್ಲ ಎಂಬ ಪ್ರಶ್ನೆ ಏಳುವುದು ಸಹಜ. ನಿಯಮಗಳು ಇದನ್ನೂ ಬಿಗಿ ಮಾಡಿವೆ. ಯಂತ್ರ ಬಳಸಲು ಸಾಧ್ಯವೇ ಇಲ್ಲದ ಬೆರಳೆಣಿಕೆಯ ಸಂದರ್ಭಗಳಲ್ಲಿ, ನಿಗದಿತ ಸುರಕ್ಷಾ ಸಲಕರಣೆಗಳೆಲ್ಲ ಇದ್ದಾಗ ಮಾತ್ರ ಮನುಷ್ಯ ಒಳಗಿಳಿಯಬಹುದು. ಅನಿವಾರ್ಯವೆಂದು ಹೇಳುವ ಇತರ ಸಂದರ್ಭಕ್ಕೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಯ ಲಿಖಿತ ಅನುಮತಿ ಬೇಕು. ಇಂತಹ ಅನುಮತಿಯನ್ನು ಮನೆಯ ಗುಂಡಿಗಾಗಿ ಕೇಳಲು ಹೋಗುವವರುಂಟೇ?

ಸುಪ್ರೀಂ ಕೋರ್ಟ್ 2014ರ ಮಾರ್ಚ್‌ನಲ್ಲಿ, 1993ರಿಂದೀಚೆಗೆ ಚರಂಡಿಗಳಲ್ಲಿ ಸತ್ತ ಪ್ರತಿಯೊಬ್ಬರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಬೇಕೆಂದು ಹೇಳಿತು. 2023ರ ಅಕ್ಟೋಬರ್ 20ರಂದು ನ್ಯಾಯಮೂರ್ತಿಗಳಾದ ಎಸ್. ರವೀಂದ್ರ ಭಟ್ ಮತ್ತು ಅರವಿಂದ ಕುಮಾರ್ ಅವರ ಪೀಠ ಅದನ್ನು 30 ಲಕ್ಷಕ್ಕೆ ಏರಿಸಿತು. ಶಾಶ್ವತ ಅಂಗವೈಕಲ್ಯಕ್ಕೆ 20 ಲಕ್ಷ. 2025ರ ಜನವರಿಯಲ್ಲಿ ನ್ಯಾಯಾಲಯ ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮನುಷ್ಯರನ್ನು ಇಳಿಸಿ ಚರಂಡಿ ಶುಚಿ ಮಾಡಿಸುವುದನ್ನು ನಿಲ್ಲಿಸುವಂತೆ ಆದೇಶಿಸಿತು. ಈ ಆದೇಶಗಳ ಭಾರ ಸರ್ಕಾರ ಮತ್ತು ಪಾಲಿಕೆಗಳ ಮೇಲೆ ಬಿದ್ದಿದೆ. ಖಾಸಗಿ ಮನೆಯ ಗೇಟಿನೊಳಗೆ ನಡೆಯುವುದರ ಮೇಲೆ ಕಣ್ಣಿಡುವವರು ಯಾರು ಎಂಬುದಕ್ಕೆ ಮಾತ್ರ ಉತ್ತರ ಸಿಕ್ಕಿಲ್ಲ. ಸಾವು ಸಂಭವಿಸಿದರೆ ಪೊಲೀಸರು ಬರುತ್ತಾರೆ, ಸಂಭವಿಸದಿದ್ದರೆ ಅದು ಮನೆ ರಿಪೇರಿಯ ಖರ್ಚಿನಲ್ಲಿ ಒಂದು ಸಾಲು.

ಇಳಿಸುವ ಅಗತ್ಯವೇ ಇಲ್ಲ

ತಾಂತ್ರಿಕವಾಗಿ ನೋಡಿದರೆ ಮನುಷ್ಯನನ್ನು ಇಳಿಸುವ ಪ್ರಮೇಯವೇ ಬರಬಾರದು. ಸೆಪ್ಟಿಕ್ ಟ್ಯಾಂಕ್ ಕುರಿತ ಭಾರತೀಯ ಮಾನಕದ ಪ್ರಕಾರ ಐವರ ಕುಟುಂಬಕ್ಕೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್ ದ್ರವದ ಆಳದ ತೊಟ್ಟಿ ಸಾಕು. ಅದು ಸುಮಾರು 1,100 ಲೀಟರ್. ಎರಡು ಮೂರು ವರ್ಷಕ್ಕೊಮ್ಮೆ ಕೆಸರು ತೆಗೆಸಿದರೆ ತಳ ಗಟ್ಟಿಯಾಗುವುದಿಲ್ಲ, ಒಂದೇ ಲೋಡ್‌ನಲ್ಲಿ ಕೆಲಸ ಮುಗಿಯುತ್ತದೆ. ನಮ್ಮಲ್ಲಿ ನಡೆಯುವುದು ಇದಕ್ಕೆ ವಿರುದ್ಧ. ಮನೆ ಕಟ್ಟುವಾಗಲೇ 'ಇಪ್ಪತ್ತು ವರ್ಷ ತಲೆ ನೋಯದಂತೆ' ಹದಿನೈದಡಿ ಆಳದ ಗುಂಡಿ ತೋಡಿಸುತ್ತೇವೆ. ಅಂತರ್ಜಲಕ್ಕೆ ಅದು ಮಾಡುವ ಹಾನಿ ಬೇರೆಯದೇ ವಿಷಯ. ಇಪ್ಪತ್ತು ವರ್ಷಗಳ ಬಳಿಕ ಆ ತಲೆನೋವನ್ನು ಇನ್ನೊಬ್ಬನ ತಲೆಗೆ ಕಟ್ಟುತ್ತೇವೆ.

ಗಟ್ಟಿಯಾಗಿರುವ ಗುಂಡಿಗೂ ದಾರಿಯುಂಟು. ಒತ್ತಡದಲ್ಲಿ ನೀರು ಹಾಯಿಸಿ ಪದರವನ್ನು ಕರಗಿಸಿ, ಮತ್ತೆ ಹೀರುವುದು. ಇದಕ್ಕೆ ಒಂದು ಲೋಡ್ ಎರಡೋ ಮೂರೋ ಆಗುತ್ತದೆ, ಬಿಲ್ಲು ಏಳೆಂಟು ಸಾವಿರಕ್ಕೆ ಹೋಗಬಹುದು. ಬಕೆಟ್ ಹಗ್ಗದವರು ಕೇಳುವ ಎರಡು ಸಾವಿರಕ್ಕೂ ಇದಕ್ಕೂ ಇರುವ ಅಂತರವೇ ಈ ವ್ಯವಹಾರದಲ್ಲಿ ಒಂದು ಜೀವಕ್ಕೆ ಕಟ್ಟಿರುವ ಬೆಲೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲಿಯೇ ಹೇಳಬೇಕು. ದುಡ್ಡು ಕೊಟ್ಟಮೇಲೆ ತಳ ಕಾಣುವಂತೆ ತೊಳೆದುಕೊಡಬೇಕು ಎಂದು ಅನೇಕರು ಪಟ್ಟು ಹಿಡಿಯುತ್ತಾರೆ. ಸೆಪ್ಟಿಕ್ ಟ್ಯಾಂಕ್ ಕೆಲಸ ಮಾಡುವುದೇ ಅದರಲ್ಲಿರುವ ಸೂಕ್ಷ್ಮಾಣುಗಳಿಂದ. ತಳದಲ್ಲಿ ಒಂದಿಷ್ಟು ಹಳೆಯ ಕೆಸರು ಉಳಿದರೆ ಮೊಸರಿಗೆ ಹೆಪ್ಪಿದ್ದಂತೆ. ಮಾನಕವೂ ಸ್ವಲ್ಪ ಕೆಸರನ್ನು ಉಳಿಸಲು ಹೇಳುತ್ತದೆ. ಫಿನಾಯಿಲ್ ಸುರಿದು ತಿಕ್ಕಿಸಿದ ಟ್ಯಾಂಕ್ ಶುಚಿಯಾದ ಟ್ಯಾಂಕ್ ಅಲ್ಲ, ಕೆಟ್ಟ ಟ್ಯಾಂಕ್. ಇಷ್ಟು ತಿಳಿದರೆ ಮನೆಯವರ ಒತ್ತಾಯಕ್ಕೆಂದು ಗುಂಡಿಗಿಳಿಯುವ ಪ್ರಸಂಗಗಳಾದರೂ ತಪ್ಪುತ್ತವೆ.

ಕಾಲವನ್ನೂ ನೋಡಿಕೊಳ್ಳಬೇಕು. ಕರಾವಳಿ, ಮಲೆನಾಡುಗಳಲ್ಲಿ ಜುಲೈ ತಿಂಗಳಲ್ಲಿ ಇಂಗುಗುಂಡಿ ಖಾಲಿ ಮಾಡಿಸುವುದು ದುಡ್ಡನ್ನು ನೀರಿಗೆ ಹಾಕಿದಂತೆಯೇ ಸರಿ. ಸುತ್ತಲಿನ ಮಣ್ಣಿನ ನೀರು ಎರಡೇ ದಿನದಲ್ಲಿ ಮತ್ತೆ ತುಂಬುತ್ತದೆ. ಫೆಬ್ರುವರಿ, ಮಾರ್ಚ್‌ನಲ್ಲಿ ಮಾಡಿಸಿದರೆ ದರವೂ ಇಳಿದಿರುತ್ತದೆ, ಲಾರಿಯೂ ಕರೆದ ದಿನವೇ ಬರುತ್ತದೆ. ಲಾರಿ ಕರೆಸುವಾಗ ಕೇಳಬೇಕಾದ್ದು ಎಷ್ಟು ಸಾವಿರ ಲೀಟರ್, ಎಲ್ಲಿಗೆ ಒಯ್ಯುತ್ತೀರಿ, ಗಟ್ಟಿ ಉಳಿದರೆ ಏನು ಮಾಡುತ್ತೀರಿ ಎಂಬುದನ್ನು. ಮೂರನೆಯದಕ್ಕೆ 'ಹುಡುಗರಿದ್ದಾರೆ' ಎಂಬ ಉತ್ತರ ಬಂದರೆ ಅಲ್ಲಿಗೇ ಮಾತು ಮುಗಿಸುವುದು ಲೇಸು. ಒಳಚರಂಡಿ ಸಂಪರ್ಕವಿರುವ ಬೆಂಗಳೂರಿನವರು ರಸ್ತೆಯ ಮ್ಯಾನ್‌ಹೋಲ್ ಕಟ್ಟಿಕೊಂಡರೆ ಖಾಸಗಿಯವರನ್ನು ಹುಡುಕಬೇಕಾಗಿಯೇ ಇಲ್ಲ. ಜಲಮಂಡಳಿಯ 1916 ಸಂಖ್ಯೆಗೆ ಕರೆ ಮಾಡಿ ಜಟ್ಟಿಂಗ್ ಯಂತ್ರ ಕೇಳಬಹುದು. ಅಪಾಯಕಾರಿ ಶುಚಿಯ ಬಗ್ಗೆ ದೂರಲು ರಾಷ್ಟ್ರೀಯ ಸಹಾಯವಾಣಿ 14420 ಇದೆ.

ತಿಂಗಳಿಗೆ 83 ರೂಪಾಯಿ

ಒಂದೊಂದು ಮನೆಯ ಆತ್ಮಸಾಕ್ಷಿಗೆ ಇದನ್ನು ಬಿಟ್ಟು ಕೂರಲಾಗದು ಎಂಬುದೂ ನಿಜ. 2007ರಲ್ಲಿ ಬೆಂಗಳೂರಿಗೆ ಸೇರಿದ 110 ಹಳ್ಳಿಗಳು ಒಳಚರಂಡಿಗಾಗಿ ಎಷ್ಟು ವರ್ಷ ಕಾದವು ಎಂಬುದು ಎಲ್ಲರಿಗೂ ಗೊತ್ತಿದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯ ಜಾಗಕ್ಕೆ ಐದು ಪಾಲಿಕೆಗಳು ಬಂದವು. ರಾಜ್ಯದ ಸಣ್ಣ ಪಟ್ಟಣಗಳಲ್ಲಂತೂ ಗುಂಡಿಯೇ ಗತಿ. ತುಂಬಿ ಉಕ್ಕುವವರೆಗೆ ಯಾರೂ ಮುಚ್ಚಳ ತೆಗೆಯದ ಈ ಪದ್ಧತಿಯೇ ಗಟ್ಟಿ ಕೆಸರಿಗೂ ಅವಸರದ ಚೌಕಾಸಿಗೂ ಮೂಲ.

ಮಹಾರಾಷ್ಟ್ರದ ವಾಯಿ ಮತ್ತು ಸಿನ್ನರ್ ಎಂಬ ಎರಡು ಪುಟ್ಟ ಪಟ್ಟಣಗಳು ಇದನ್ನು ಬೇರೆ ರೀತಿ ಬಿಡಿಸಿವೆ. 2018ರಿಂದ ಅಲ್ಲಿ ಪುರಸಭೆಯ ಪರವಾಗಿ ಗುತ್ತಿಗೆ ಪಡೆದ ಲಾರಿ, ವಾರ್ಡಿನಿಂದ ವಾರ್ಡಿಗೆ ಸರದಿಯಂತೆ ಸಾಗಿ, ಮೂರು ವರ್ಷಕ್ಕೊಮ್ಮೆ ಪ್ರತಿ ಮನೆಯ ಟ್ಯಾಂಕ್ ಖಾಲಿ ಮಾಡುತ್ತದೆ. ಮನೆಯವರು ಲಾರಿಯವನಿಗೆ ಸ್ಥಳದಲ್ಲಿ ಹಣ ಕೊಡುವುದಿಲ್ಲ. ಆಸ್ತಿ ತೆರಿಗೆಯ ಜೊತೆ ನೈರ್ಮಲ್ಯ ತೆರಿಗೆ ಕಟ್ಟುತ್ತಾರೆ. ಕೆಸರು ಸಂಸ್ಕರಣಾ ಘಟಕ ತಲುಪಿದ ಮೇಲೆಯೇ ಗುತ್ತಿಗೆದಾರನಿಗೆ ಬಿಲ್ಲು ಸಿಗುವುದರಿಂದ ಕಾಲುವೆಗೆ ಸುರಿದು ಲಾಭ ಮಾಡುವ ಆಸೆಗೂ ಅವಕಾಶ ಕಡಿಮೆ.

ಕರ್ನಾಟಕದ ಪಟ್ಟಣಗಳಿಗೆ ಇದು ದುಬಾರಿಯೇ? ಒಂದು ಲೋಡ್‌ಗೆ ಪೂರ್ತಿ 3,000 ರೂಪಾಯಿ ಎಂದೇ ಹಿಡಿದರೂ 36 ತಿಂಗಳಿಗೆ ಹಂಚಿದಾಗ ತಿಂಗಳಿಗೆ ಸುಮಾರು 83 ರೂಪಾಯಿ. ಮನೆಯ ಟಿವಿ ಕೇಬಲ್ ಬಾಡಿಗೆಗಿಂತ ಕಡಿಮೆ. ಬಡವರ ಮನೆಗಳಿಗೆ ರಿಯಾಯಿತಿ ಕೊಟ್ಟರೂ ಹೊರೆ ಅಸಾಧ್ಯವಾದದ್ದೇನಲ್ಲ. ಮೊದಲಿಗೆ ಬೇಕಾದದ್ದು ಯಾವ ಮನೆಯಲ್ಲಿ ಯಾವ ಬಗೆಯ ಗುಂಡಿ ಇದೆ, ಕೊನೆಯ ಬಾರಿ ಯಾವಾಗ ತೆಗೆಸಿದ್ದು ಎಂಬ ಪಟ್ಟಿ. ಸ್ಥಳೀಯ ಸಂಸ್ಥೆಗಳ ಬಳಿ ಆಸ್ತಿ ತೆರಿಗೆಯ ದಾಖಲೆಯಂತೂ ಇದೆ. ಪ್ರತಿ ಏಪ್ರಿಲ್‌ನಲ್ಲಿ ಶೇಕಡಾ 5ರ ರಿಯಾಯಿತಿಗಾಗಿ ಜನ ತಾವಾಗಿಯೇ ಬಂದು ತೆರಿಗೆ ಕಟ್ಟುತ್ತಾರೆ. ಅದೇ ಚಲನ್‌ನಲ್ಲಿ ಗುಂಡಿಯ ವಿವರಕ್ಕೊಂದು ಅಂಕಣ, ಶುಲ್ಕಕ್ಕೊಂದು ಸಾಲು ಸೇರಿಸಲು ಹೊಸ ಕಾಯ್ದೆಗಾಗಿ ಕಾಯಬೇಕಾಗಿಲ್ಲ, ಪುರಸಭೆಯ ಒಂದು ಸಾಮಾನ್ಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬಂದರೆ ಆರಂಭಕ್ಕೆ ಸಾಕು.